ವರ್ಷಕ್ಕೆ 0.7 ತಿಮಿಂಗಿಲ

ಅಮೆರಿಕದ ಸರ್ಕಾರ ಲೆಕ್ಕ ಹಾಕಿ ಹೇಳಿದೆ. ಉತ್ತರ ಅಟ್ಲಾಂಟಿಕ್‌ನ ರೈಟ್ ತಿಮಿಂಗಿಲಗಳಲ್ಲಿ ಮನುಷ್ಯರ ಕೈಯಲ್ಲಿ ವರ್ಷಕ್ಕೆ ಹೆಚ್ಚೆಂದರೆ 0.7 ಸಾಯಬಹುದು. ಒಂದು ಸತ್ತರೆ ಜಾಸ್ತಿಯಾಯಿತು. ಅರ್ಧ ಸತ್ತರೆ ಅಡ್ಡಿಯಿಲ್ಲ. ಸೊನ್ನೆ ದಶಾಂಶ ಏಳು.

ಅಂದರೆ ಮೊದಲ ತಿಮಿಂಗಿಲ ಸತ್ತ ದಿನವೇ ಆ ವರ್ಷದ ಖಾತೆ ಖಾಲಿ. ಆಮೇಲಿನದ್ದೆಲ್ಲ ಸಾಲ. 2017ರಲ್ಲಿ ಅಮೆರಿಕ ಮತ್ತು ಕೆನಡಾದ ನೀರಿನಲ್ಲಿ 17 ಹೆಣ ಸಿಕ್ಕವು. ಕೊಯ್ದು ಪರೀಕ್ಷಿಸಲು ಸಾಧ್ಯವಾದವುಗಳಲ್ಲಿ ಬಹುಪಾಲು ಸತ್ತದ್ದು ಹಡಗಿನ ಏಟಿಗೆ, ಇಲ್ಲವೇ ಮೀನುಗಾರಿಕೆಯ ಹಗ್ಗಕ್ಕೆ. ಈಗಿನ ದರದಲ್ಲಿ ಅದು 24 ವರ್ಷಗಳ ಪಾಲು. ಒಂದೇ ವರ್ಷದಲ್ಲಿ ಮುಗಿಸಿದರು. ವಸೂಲಿಗೆ ಯಾರೂ ಯಾರ ಮನೆ ಬಾಗಿಲಿಗೂ ಹೋಗಲಿಲ್ಲ.

ಈ 0.7 ಎಲ್ಲಿಂದ ಬಂತು? ಸೂತ್ರ ಸರಳ. ಕನಿಷ್ಠ ಇಷ್ಟಂತೂ ಇವೆ ಎಂದು ಧೈರ್ಯವಾಗಿ ಹೇಳಬಹುದಾದ ಸಂಖ್ಯೆ ತೆಗೆದುಕೊಳ್ಳಿ. ವರ್ಷಕ್ಕೆ ಶೇಕಡಾ 4ರಷ್ಟು ಹೆಚ್ಚಬಲ್ಲವು ಎಂದಿಟ್ಟುಕೊಂಡು ಅದರ ಅರ್ಧದಿಂದ ಗುಣಿಸಿ. ಅಳಿವಿನಂಚಿನ ಜೀವಿಯಾದ್ದರಿಂದ ಮತ್ತೆ 0.1ರಿಂದ ಗುಣಿಸಿ. ಮುಗಿಯಿತು. 1972ರ ಸಾಗರ ಸಸ್ತನಿ ಸಂರಕ್ಷಣಾ ಕಾಯ್ದೆಗೆ 1994ರಲ್ಲಿ ತಿದ್ದುಪಡಿ ತಂದು ಇದನ್ನು ಸೇರಿಸಿದರು.

ಸೂತ್ರದಲ್ಲಿ ತಪ್ಪಿಲ್ಲ. ಬರೆದವರು ತಿಮಿಂಗಿಲದ ಹಿತಚಿಂತಕರೇ. ಗೊತ್ತಿಲ್ಲದ ಕಡೆಯಲ್ಲೆಲ್ಲ ಕಡಿಮೆ ಹಿಡಿಯಿರಿ ಎಂಬುದೇ ಅದರ ತಿರುಳು. ತಮಾಷೆ ಶುರುವಾಗುವುದು ಉತ್ತರ ಬಂದ ಮೇಲೆ. ಉತ್ತರವನ್ನು ವರದಿಯಲ್ಲಿ ಅಚ್ಚು ಹಾಕುತ್ತಾರೆ. ವರದಿಯನ್ನು ಕಪಾಟಿನಲ್ಲಿಡುತ್ತಾರೆ. ಮುಂದಿನ ವರ್ಷ ಮತ್ತೆ ಎಣಿಸಲು ಹೋಗುತ್ತಾರೆ.

ಎಣಿಸುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ. ಪ್ರತಿ ರೈಟ್ ತಿಮಿಂಗಿಲದ ತಲೆಯ ಮೇಲೂ ಒರಟು ಚರ್ಮದ ಬಿಳಿ ತೇಪೆಗಳಿರುತ್ತವೆ. ಒಂದರ ತೇಪೆ ಇನ್ನೊಂದಕ್ಕಿಲ್ಲ. ವಿಮಾನದಿಂದ, ದೋಣಿಯಿಂದ ಫೋಟೊ ತೆಗೆದು ಇದು ಇಂಥದ್ದೇ ಎಂದು ಗುರುತಿಸುತ್ತಾರೆ. ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಅಕ್ವೇರಿಯಂನಲ್ಲಿ 1980ರಿಂದ ಇದರ ಕಡತ ಬೆಳೆಯುತ್ತಿದೆ. ಪ್ರತಿಯೊಂದಕ್ಕೂ ನಂಬರಿದೆ. ಹಲವಕ್ಕೆ ಹೆಸರಿದೆ. ಯಾರ ಮಗಳು ಯಾರು, ಯಾವಾಗ ಹೆತ್ತಳು, ಯಾವ ವರ್ಷ ಯಾವ ಗಾಯವಾಯಿತು, ಎಲ್ಲವೂ ದಾಖಲೆಯಲ್ಲಿದೆ. ನಮ್ಮ ತಾಲ್ಲೂಕು ಕಚೇರಿಯಲ್ಲಿ ಮನುಷ್ಯರ ವಂಶವೃಕ್ಷಕ್ಕೂ ಇಷ್ಟು ಆಸ್ಥೆಯಿಲ್ಲ.

ಕ್ಯಾಮೆರಾಕ್ಕೆ ಬೀಳದವೂ ಇರುತ್ತವಲ್ಲ? ಅದಕ್ಕೂ ಉಪಾಯವಿದೆ. ಮದುವೆ ಮನೆಯ ಮೊದಲ ಪಂಕ್ತಿಯಲ್ಲಿ ಕೂತವರ ಮುಖಗಳನ್ನು ನೆನಪಿಟ್ಟುಕೊಳ್ಳಿ. ಸ್ವಲ್ಪ ಹೊತ್ತು ಬಿಟ್ಟು ಐಸ್‌ಕ್ರೀಮಿನ ಮೇಜಿನ ಹತ್ತಿರ ನಿಲ್ಲಿ. ಅಲ್ಲಿ ಸೇರಿದವರಲ್ಲಿ ಅರ್ಧದಷ್ಟು ಪಂಕ್ತಿಯಲ್ಲಿ ಕಂಡ ಮುಖಗಳೇ ಆಗಿದ್ದರೆ, ಮದುವೆಗೆ ಬಂದವರು ಆ ಪಂಕ್ತಿಯ ಎರಡರಷ್ಟು. ಇದನ್ನೇ ಹತ್ತು ಪಟ್ಟು ಜಟಿಲವಾಗಿ, ಹುಟ್ಟು ಸಾವುಗಳನ್ನೂ ಸೇರಿಸಿಕೊಂಡು ಮಾಡುತ್ತಾರೆ. 2024ಕ್ಕೆ ಬಂದ ಉತ್ತರ 384. ಹೆಚ್ಚೆಂದರೆ ಹತ್ತು ಜಾಸ್ತಿ, ಕಡಿಮೆಯೆಂದರೆ ಒಂಬತ್ತು ಕಡಿಮೆ. ಇಡೀ ಸಾಗರದಲ್ಲಿ ತಪ್ಪಿಗೆ ಅವಕಾಶ ಅಷ್ಟೇ.

2010ರ ಸುಮಾರಿಗೆ ಇದೇ ಸಂಖ್ಯೆ 480ರ ಆಸುಪಾಸಿನಲ್ಲಿತ್ತು. ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಲೇ ಸುಮಾರು ನೂರನ್ನು ಕಳೆದುಕೊಂಡರು. ಕಡತ ಮಾತ್ರ ಅಚ್ಚುಕಟ್ಟು.

ಸ್ನೋ ಕೋನ್ ಎಂಬವಳೊಬ್ಬಳಿದ್ದಳು. ನಂಬರ್ 3560. ಅವಳ ಮರಿ 2020ರ ಜೂನ್‌ನಲ್ಲಿ ನ್ಯೂಜೆರ್ಸಿಯ ಬಳಿ ದೋಣಿಯ ಏಟು ತಿಂದು ಸತ್ತಿತು. 2021ರಲ್ಲಿ ಅವಳೇ ಹಗ್ಗಕ್ಕೆ ಸಿಕ್ಕಿಬಿದ್ದಳು. ಬಾಯಿಂದ ಹಗ್ಗ ಜೋತುಬಿದ್ದಿರುವಂತೆಯೇ ಅದೇ ವರ್ಷದ ಕೊನೆಗೆ ಇನ್ನೊಂದು ಮರಿ ಹೆತ್ತಳು. 2022ರ ಸೆಪ್ಟೆಂಬರ್‌ನಲ್ಲಿ ನಾಂಟಕೆಟ್ ದ್ವೀಪದ ದಕ್ಷಿಣಕ್ಕೆ ಕಂಡಾಗ ಮೈಮೇಲೆ ಹೊಸ ಹಗ್ಗ. ಜತೆಗೆ ಮರಿಯಿಲ್ಲ. ಬದುಕುವುದಿಲ್ಲ ಎಂದು ನೋಡಿದವರೇ ಹೇಳಿದರು. ಪ್ರತಿ ಹಂತದ ಫೋಟೊ ಇದೆ. ಬೆಳಕು, ಕೋನ, ಫೋಕಸ್, ಎಲ್ಲ ಚೆನ್ನಾಗಿದೆ.

ಈ ಹಗ್ಗಗಳು ಎಲ್ಲಿಂದ ಬರುತ್ತವೆ? ಹೆಚ್ಚಿನವು ಲಾಬ್‌ಸ್ಟರ್ ಮತ್ತು ಏಡಿ ಹಿಡಿಯುವ ಪಂಜರಗಳಿಂದ. ಪಂಜರ ತಳದಲ್ಲಿ, ತೇಲುವ ಬುರುಡೆ ಮೇಲೆ, ನಡುವೆ ನೆಟ್ಟಗೆ ಒಂದು ಹಗ್ಗ. ಅಂಥ ಹಗ್ಗಗಳ ಕಾಡಿನ ನಡುವೆ ತಿಮಿಂಗಿಲ ಬಾಯಿ ತೆರೆದುಕೊಂಡು ಈಜಬೇಕು. ರೈಟ್ ತಿಮಿಂಗಿಲಗಳಲ್ಲಿ ಶೇಕಡಾ 85ಕ್ಕೂ ಹೆಚ್ಚು ಒಮ್ಮೆಯಾದರೂ ಸಿಕ್ಕಿಬಿದ್ದಿವೆ. ಮೈಮೇಲಿನ ಗಾಯದ ಗುರುತೇ ಸಾಕ್ಷಿ.

ಅಮೆರಿಕದ ಲಾಬ್‌ಸ್ಟರ್ ಎಂದರೆ ಮೇನ್ ರಾಜ್ಯ. ಅಲ್ಲಿನ ರಾಜಕಾರಣಿಗಳು ಬೇರೆ ಯಾವ ವಿಷಯದಲ್ಲೂ ಒಂದಾಗದಿದ್ದರೂ ಲಾಬ್‌ಸ್ಟರ್ ವಿಷಯದಲ್ಲಿ ಒಂದೇ ತಾಯಿಯ ಮಕ್ಕಳು. ಅವರ ವಾದ ಹಲವು ವರ್ಷ ಒಂದೇ ಆಗಿತ್ತು. ನಮ್ಮ ಹಗ್ಗದಿಂದ ರೈಟ್ ತಿಮಿಂಗಿಲ ಸತ್ತ ಒಂದೇ ಒಂದು ಉದಾಹರಣೆ ದಾಖಲಾಗಿಲ್ಲ. ತೋರಿಸಿ ನೋಡೋಣ.

ಹೇಗೆ ತೋರಿಸುವುದು? ಹಗ್ಗಕ್ಕೆ ಮೇನ್‌ನದೇ ಆದ ನೇರಳೆ ಗುರುತು ಬಂದದ್ದೇ 2020ರಲ್ಲಿ. ಅದಕ್ಕೆ ಮುಂಚಿನ ಹಗ್ಗಕ್ಕೆ ಊರಿಲ್ಲ, ಕೇರಿಯಿಲ್ಲ. ಅದೂ ಹೋಗಲಿ, ಹೆಣವಾದರೂ ಸಿಗಬೇಕಲ್ಲ? 1990ರಿಂದ 2017ರವರೆಗಿನ ಸಾವುಗಳನ್ನು ಅಂದಾಜು ಮಾಡಿದ ವಿಜ್ಞಾನಿಗಳಿಗೆ ಕಂಡದ್ದು, ಹೆಣ ಸಿಕ್ಕಿದ್ದು ಶೇಕಡಾ 36ಕ್ಕೆ ಮಾತ್ರ. ಉಳಿದವು ಮುಳುಗಿದವು, ಕೊಳೆತವು, ಯಾರ ಕಣ್ಣಿಗೂ ಬೀಳಲಿಲ್ಲ. ಇಂಥ ಕಡಲಿನಲ್ಲಿ ನಿಂತು ಹೆಣ ತೋರಿಸಿ ಎನ್ನುವುದು ಕಳ್ಳನಿಗೊಂದು ಪಿಳ್ಳೆ ನೆವ.

ಕೊನೆಗೆ ಹೆಣ ಬಂದೇ ಬಂತು. 2024ರ ಜನವರಿ, ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ದಡ. ಮೂರು ವರ್ಷದ ಹೆಣ್ಣು, ನಂಬರ್ 5120. ಬಾಲದ ಬುಡದಲ್ಲಿ ಮಾಂಸಕ್ಕೆ ಇಳಿದ ಹಗ್ಗ. ಹಗ್ಗದ ಮೇಲೆ ನೇರಳೆ ಗುರುತು.

ಈಗಲಾದರೂ ನಿಯಮ ಬಿಗಿಯಾಯಿತು ಎಂದುಕೊಂಡಿರಾ? ನೀವು ಒಳ್ಳೆಯವರು. ಹೆಣ ಬರುವುದಕ್ಕೆ ಒಂದು ವರ್ಷ ಮುಂಚೆಯೇ, 2022ರ ಡಿಸೆಂಬರ್‌ನಲ್ಲಿ, ಅಮೆರಿಕದ ಸಂಸತ್ತು ಬಜೆಟ್ ಮಸೂದೆಯ ಬಾಲಕ್ಕೆ ಒಂದು ಕಲಮು ಅಂಟಿಸಿತ್ತು. ಲಾಬ್‌ಸ್ಟರ್ ಮೀನುಗಾರಿಕೆಗೆ ಈಗಿರುವ ನಿಯಮ 2028ರ ಡಿಸೆಂಬರ್ 31ರವರೆಗೆ ಸಾಕೇ ಸಾಕು ಎಂದು ಕಾನೂನೇ ಘೋಷಿಸಿದೆ. ವಿಜ್ಞಾನಿಗಳು ಸಾಲದು ಎಂದಿದ್ದರು. ಸಂಸತ್ತು ಕೈಯೆತ್ತಿ ಸಾಕು ಎಂದಿತು. ಜನಪ್ರತಿನಿಧಿಗಳು ಬಹುಮತದಿಂದ ಜೀವಶಾಸ್ತ್ರ ತೀರ್ಮಾನಿಸುವ ಪರಿಪಾಠ ನಮ್ಮಲ್ಲಿ ಮಾತ್ರ ಇದೆ ಎಂದು ಸುಮ್ಮನೆ ಬೇಸರಪಡುತ್ತಿದ್ದೆವು.

ನ್ಯಾಯಾಲಯವೂ ಹಿಂದೆ ಬೀಳಲಿಲ್ಲ. 2023ರ ಜೂನ್. ಲಾಬ್‌ಸ್ಟರ್ ಮೀನುಗಾರರ ಸಂಘ ಹಾಕಿದ್ದ ಮೊಕದ್ದಮೆಯಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಸರ್ಕಾರಿ ವಿಜ್ಞಾನಿಗಳು ಅನುಮಾನವಿದ್ದ ಕಡೆಯೆಲ್ಲ ಕೆಟ್ಟದ್ದನ್ನೇ ಊಹಿಸಿ ತಿಮಿಂಗಿಲದ ಕಡೆಗೆ ವಾಲಿದ್ದಾರಂತೆ. ಹಾಗೆ ವಾಲಲು ಕಾನೂನು ಹೇಳಿಲ್ಲವಂತೆ.

ಸಂಶಯದ ಲಾಭ ಯಾರಿಗೆ ಎಂಬ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು. ಸಾಯುವವರಿಗಂತೂ ಅಲ್ಲ.

ಹಡಗುಗಳ ಕಥೆ ಇನ್ನೂ ಚಿಕ್ಕದು. 65 ಅಡಿ ಮತ್ತು ಅದಕ್ಕಿಂತ ಉದ್ದದ ಹಡಗುಗಳು ಕೆಲವು ಜಾಗಗಳಲ್ಲಿ, ಕೆಲವು ತಿಂಗಳು, 10 ನಾಟ್ ವೇಗ ಮೀರಬಾರದು ಎಂದು 2008ರಲ್ಲಿ ನಿಯಮವಾಯಿತು. ಅಂದರೆ ಗಂಟೆಗೆ ಹದಿನೆಂಟೂವರೆ ಕಿಲೋಮೀಟರ್. 35 ಅಡಿಯ ದೋಣಿಗಳೂ ತಿಮಿಂಗಿಲ ಕೊಲ್ಲುತ್ತವೆ, ಅವನ್ನೂ ಸೇರಿಸೋಣ ಎಂದು 2022ರಲ್ಲಿ ಪ್ರಸ್ತಾವ ಬಂತು. ಸುಮಾರು 90,000 ಅಭಿಪ್ರಾಯಗಳು ಬಂದವು. 2025ರ ಜನವರಿಯಲ್ಲಿ ಪ್ರಸ್ತಾವ ವಾಪಸ್. ಇಷ್ಟೊಂದು ಅಭಿಪ್ರಾಯಗಳನ್ನು ಪರಿಶೀಲಿಸಿ ಮುಗಿಸಲು ಸಮಯ ಸಾಲಲಿಲ್ಲವಂತೆ. ಪತ್ರ ಓದಿ ಓದಿ ಸುಸ್ತಾದ ಸರ್ಕಾರ ತಿಮಿಂಗಿಲಕ್ಕೆ ಏನು ತಾನೇ ಮಾಡೀತು?

ರೈಟ್ ತಿಮಿಂಗಿಲದ್ದೊಂದೇ ಕಥೆಯಲ್ಲ. ಮೆಕ್ಸಿಕೋ ಕೊಲ್ಲಿಯಲ್ಲಿ ರೈಸ್ ತಿಮಿಂಗಿಲ ಎಂಬುದಿದೆ. ಬೇರೆಯೇ ಪ್ರಭೇದ ಎಂದು ವಿಜ್ಞಾನ ಹೆಸರಿಟ್ಟದ್ದು 2021ರಲ್ಲಿ. ಅಂದಾಜು 51 ಇವೆ. ಸಾವಿನ ಮಿತಿ ವರ್ಷಕ್ಕೆ 0.07, ಅಂದರೆ ಹದಿನಾಲ್ಕು ವರ್ಷಕ್ಕೊಂದು. 2010ರಲ್ಲಿ ಅದೇ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ತೈಲ ರಿಗ್ ಸ್ಫೋಟಗೊಂಡು ಎಣ್ಣೆ ಚೆಲ್ಲಿ ಅವುಗಳಲ್ಲಿ ಶೇಕಡಾ 22ರಷ್ಟು ಕಡಿಮೆಯಾದವೆಂದು ಲೆಕ್ಕ ಹಾಕಿದ್ದಾರೆ. 2025ರಲ್ಲಿ ಅಮೆರಿಕದ ಅಧ್ಯಕ್ಷರು ಕೊಲ್ಲಿಯ ವಿಷಯದಲ್ಲಿ ಕೊನೆಗೂ ಒಂದು ದಿಟ್ಟ ಕ್ರಮ ತೆಗೆದುಕೊಂಡರು. ಅದರ ಹೆಸರು ಬದಲಾಯಿಸಿದರು.

ಉಳಿಸುವ ಮಾತು ಬಂದಾಗ ಎಲ್ಲರಿಗೂ ನಿಖರ ಅಂಕಿ ಬೇಕು. ಎಷ್ಟಿವೆ, ಎಷ್ಟಿದ್ದವು, ಯಾವುದರಿಂದ ಸತ್ತವು, ಹಗ್ಗದ ಬಣ್ಣ ಯಾವುದು. ಕೊಲ್ಲುವಾಗ ಯಾರೂ ಏನೂ ಕೇಳಿರಲಿಲ್ಲ.

ಅಲ್ಲ, ಕೇಳಿದ್ದರು. ಎಣ್ಣೆ ಎಷ್ಟು ಎಂದು ಕೇಳಿದ್ದರು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಮೊದಲ ಹಲವು ವರ್ಷ ಅಂಟಾರ್ಕ್ಟಿಕದ ಕೋಟಾವನ್ನು ನೀಲಿ ತಿಮಿಂಗಿಲ ಯೂನಿಟ್ ಎಂಬ ಅಳತೆಯಲ್ಲಿ ನಿಗದಿಪಡಿಸುತ್ತಿತ್ತು. ಒಂದು ನೀಲಿ ಎಂದರೆ ಎರಡು ಫಿನ್. ಅಥವಾ ಎರಡೂವರೆ ಹಂಪ್‌ಬ್ಯಾಕ್. ಅಥವಾ ಆರು ಸೇಯ್. ವರ್ಷಕ್ಕೆ 16,000 ಯೂನಿಟ್. ಯಾವ ಜಾತಿ ಎಷ್ಟು ಉಳಿದಿದೆ ಎಂಬ ತಲೆನೋವೇ ಇಲ್ಲ. ಎಲ್ಲವೂ ಪೀಪಾಯಿ. 1963ರಲ್ಲಿ ಮೂವರು ಗಣಿತ ಬಲ್ಲ ವಿಜ್ಞಾನಿಗಳು, ಡಗ್ಲಾಸ್ ಚಾಪ್ಮನ್, ರಾಡ್ವೇ ಆಲನ್, ಸಿಡ್ನಿ ಹೋಲ್ಟ್, ಲೆಕ್ಕ ಹಾಕಿ ಕೋಟಾ ಹೀಗೇ ಇದ್ದರೆ ಹಿಡಿಯಲು ತಿಮಿಂಗಿಲಗಳೇ ಇರುವುದಿಲ್ಲ ಎಂದರು. ಮುಂದಿನ ಋತುವಿಗೆ ಆಯೋಗ ಇಟ್ಟ ಕೋಟಾ 10,000 ಯೂನಿಟ್. ಅಷ್ಟು ಸಿಗಲೇ ಇಲ್ಲ. ಲೆಕ್ಕ ಸರಿಯಿತ್ತೆಂದು ಸಾಬೀತಾಯಿತು, ತಿಮಿಂಗಿಲಗಳ ಖರ್ಚಿನಲ್ಲಿ.

ಅಂಟಾರ್ಕ್ಟಿಕದ ನೀಲಿ ತಿಮಿಂಗಿಲಗಳು ಬೇಟೆಗೆ ಮುಂಚೆ ಸುಮಾರು 2,39,000 ಇದ್ದವೆಂದು ಅಂದಾಜು. 1973ರ ಹೊತ್ತಿಗೆ ಉಳಿದದ್ದು 360ರಷ್ಟು. ಈ ಎರಡೂ ಸಂಖ್ಯೆ ನಮಗೆ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ಮನುಷ್ಯಜಾತಿಗೆ ಒಳ್ಳೆಯ ಅನುಭವವಿದೆ.

ಇದೆಲ್ಲ ಪ್ರಾಮಾಣಿಕ ಕೊಲೆಗಾರರ ಮಾತು. ಸೋವಿಯತ್ ಒಕ್ಕೂಟದ್ದು ಬೇರೆಯೇ ದರ್ಜೆ. 1948ರಿಂದ ಮುಂದಿನ ದಶಕಗಳಲ್ಲಿ ಅದರ ಹಡಗುಪಡೆಗಳು ಸುಮಾರು 1,80,000 ತಿಮಿಂಗಿಲಗಳನ್ನು ಲೆಕ್ಕಕ್ಕೇ ಕೊಡದೆ ಕೊಂದವು. ದಕ್ಷಿಣಾರ್ಧಗೋಳದಲ್ಲಿ ಕೊಂದ ಹಂಪ್‌ಬ್ಯಾಕ್‌ಗಳು 2,710 ಎಂದು ಆಯೋಗಕ್ಕೆ ಬರೆದು ಕೊಟ್ಟರು. ನಿಜವಾಗಿ ಕೊಂದದ್ದು 48,000ಕ್ಕೂ ಹೆಚ್ಚು. ಕೊಂದದ್ದು ಯಾಕೆ? ಯೋಜನಾ ಮಂಡಳಿ ಗುರಿ ಕೊಟ್ಟಿತ್ತು. ಗುರಿ ಮೀರಿದರೆ ಬೋನಸ್, ಪದಕ. ಮಾಂಸ ಬೇಕಿರಲಿಲ್ಲ, ಎಷ್ಟೋ ಸಲ ಕಡಲಿಗೇ ಎಸೆದರು. ಗುರಿ ಮೀರಿದ್ದು ಮುಖ್ಯ.

ಆ ಹಡಗುಗಳಲ್ಲಿದ್ದ ವಿಜ್ಞಾನಿಗಳಲ್ಲಿ ಕೆಲವರಿಗೆ ಮಾತ್ರ ಮಾನವಿತ್ತು. ನಿಜವಾದ ಅಂಕಿಗಳನ್ನು ಬಚ್ಚಿಟ್ಟರು. ಒಬ್ಬರು ತಮ್ಮ ಮನೆಯ ಆಲೂಗಡ್ಡೆ ಇಡುವ ನೆಲಮಾಳಿಗೆಯಲ್ಲಿ ಕಾಗದಗಳನ್ನು ಇಟ್ಟಿದ್ದರು. 1993ರಲ್ಲಿ, ಒಕ್ಕೂಟ ಮುರಿದುಬಿದ್ದ ಮೇಲೆ, ಅಲೆಕ್ಸಿ ಯಬ್ಲೊಕೊವ್ ಎಂಬ ಜೀವಶಾಸ್ತ್ರಜ್ಞ ಇದನ್ನು ಜಗತ್ತಿನ ಮುಂದೆ ಬಿಚ್ಚಿಟ್ಟರು. ಅಲ್ಲಿಯವರೆಗೆ ವಿಜ್ಞಾನಿಗಳು ಈ ಸುಳ್ಳು ಅಂಕಿಗಳ ಮೇಲೆ ಗಣಿತ ಕಟ್ಟುತ್ತಿದ್ದರು. ತಿಮಿಂಗಿಲಗಳು ಯಾಕೆ ಚೇತರಿಸಿಕೊಳ್ಳುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಹವಾಮಾನವೇ? ಆಹಾರದ ಕೊರತೆಯೇ? ಪಾಪ, ತಿಮಿಂಗಿಲಗಳೇ ಇರಲಿಲ್ಲ.

ಜಪಾನ್ ಸುಳ್ಳು ಹೇಳಲಿಲ್ಲ. ವಿಜ್ಞಾನ ಎಂದು ಹೇಳಿತು. ವಾಣಿಜ್ಯ ಬೇಟೆಗೆ 1986ರ ಹೊತ್ತಿಗೆ ತಡೆ ಬಿತ್ತು. ಸಂಶೋಧನೆಗಾಗಿ ಕೊಲ್ಲಬಹುದು ಎಂಬ ಕಿಂಡಿ ತಿಮಿಂಗಿಲ ಬೇಟೆ ಒಪ್ಪಂದದ ಎಂಟನೇ ವಿಧಿಯಲ್ಲಿತ್ತು. 1987ರಿಂದ ಅಂಟಾರ್ಕ್ಟಿಕದಲ್ಲಿ ಸಂಶೋಧನೆಯೋ ಸಂಶೋಧನೆ. ಪ್ರಾಣಿಯ ವಯಸ್ಸು ತಿಳಿಯಬೇಕು, ಸಂತತಿ ಲೆಕ್ಕ ಹಾಕಬೇಕು, ಆದ್ದರಿಂದ ಕೊಲ್ಲಬೇಕು. ಕೊಂದದ್ದನ್ನು ವ್ಯರ್ಥ ಮಾಡಬಾರದು, ಆದ್ದರಿಂದ ಮಾರಬೇಕು. ಎಷ್ಟು ಚೆಂದದ ತರ್ಕ.

ಆಸ್ಟ್ರೇಲಿಯಾ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2014ರ ಮಾರ್ಚ್ 31ರಂದು ತೀರ್ಪು ಬಂತು. 2005ರಿಂದ ನಡೆದ ಎರಡನೇ ಹಂತದ ಯೋಜನೆಯಲ್ಲಿ ಸುಮಾರು 3,600 ಮಿಂಕೆ ತಿಮಿಂಗಿಲಗಳನ್ನು ಕೊಂದಿದ್ದರು. ಅವುಗಳಿಂದ ಬಂದ, ತಜ್ಞರು ಪರಿಶೀಲಿಸಿ ಒಪ್ಪಿದ ಸಂಶೋಧನಾ ಲೇಖನಗಳು ಎರಡು. ಒಂದು ಏಳು ತಿಮಿಂಗಿಲಗಳ ಬಗ್ಗೆ, ಇನ್ನೊಂದು ಎರಡರ ಬಗ್ಗೆ. ಒಟ್ಟು ಒಂಬತ್ತು. ಉಳಿದ ಮೂರೂವರೆ ಸಾವಿರ ಚಿಲ್ಲರೆ ತಿಮಿಂಗಿಲಗಳ ವಿಜ್ಞಾನ ತಟ್ಟೆಗೆ ಹೋಯಿತು.

ಮಿಂಕೆ ತಾನೇ, ಬೇಕಾದಷ್ಟಿವೆ ಎಂಬುದು ಅವರ ಇನ್ನೊಂದು ಮಾತು. ಜಪಾನಿನ ಅಧಿಕಾರಿ ಮಸಾಯುಕಿ ಕೊಮಾತ್ಸು 2001ರಲ್ಲಿ ಅವನ್ನು ಸಮುದ್ರದ ಜಿರಳೆ ಎಂದರು. ಈ ಜಿರಳೆಗಳ ಲೆಕ್ಕವೂ ಸ್ವಾರಸ್ಯದ್ದೇ. ಎಂಬತ್ತರ ದಶಕದ ಕೊನೆಯ ಸಮೀಕ್ಷೆಗಳಿಂದ 7,20,000. ಮುಂದಿನ ಸುತ್ತಿನ ಸಮೀಕ್ಷೆಗಳಿಂದ 5,15,000. ಎರಡು ಲಕ್ಷ ಎಲ್ಲಿ ಹೋದವು? ಹೇಳುವಂತಿಲ್ಲ. ಎರಡೂ ಅಂದಾಜಿನ ಅನಿಶ್ಚಿತತೆ ಎಷ್ಟು ಅಗಲವೆಂದರೆ ಒಂದರ ಮೇಲೊಂದು ಹಾಸಿಕೊಂಡಿವೆ. ಕಡಿಮೆಯಾಗಿರಬಹುದು. ಹಿಮದ ಅಂಚಿನೊಳಗೆ ಸೇರಿಕೊಂಡಿರಬಹುದು. ನಿಜವಾದ ವಿಜ್ಞಾನಿಗೆ ಇಲ್ಲಿ ನಿದ್ದೆ ಬರುವುದಿಲ್ಲ. ಬೇಟೆಗಾರನಿಗೆ ಸೊಗಸಾಗಿ ಬರುತ್ತದೆ.

2019ರಲ್ಲಿ ಜಪಾನ್ ಆಯೋಗವನ್ನೇ ಬಿಟ್ಟು ಹೊರಬಂದು ತನ್ನ ಕಡಲಲ್ಲಿ ರಾಜಾರೋಷವಾಗಿ ಬೇಟೆ ಶುರು ಮಾಡಿತು. 2024ರಲ್ಲಿ ಫಿನ್ ತಿಮಿಂಗಿಲವನ್ನೂ ಪಟ್ಟಿಗೆ ಸೇರಿಸಿಕೊಂಡಿತು. ಒಂದು ರೀತಿಯಲ್ಲಿ ನೆಮ್ಮದಿ. ಈಗ ವಿಜ್ಞಾನವನ್ನಾದರೂ ಬಿಟ್ಟರು.

ಎಷ್ಟಿವೆ ಎಂಬುದರಷ್ಟೇ ಎಷ್ಟಿದ್ದವು ಎಂಬುದೂ ಜಗಳದ ವಸ್ತು. 2003ರಲ್ಲಿ ಜೋ ರೋಮನ್ ಮತ್ತು ಸ್ಟೀಫನ್ ಪಲುಂಬಿ ಡಿಎನ್‌ಎ ನೋಡಿ, ಉತ್ತರ ಅಟ್ಲಾಂಟಿಕ್‌ನಲ್ಲಿ ಬೇಟೆಗೆ ಮುಂಚೆ 2,40,000 ಹಂಪ್‌ಬ್ಯಾಕ್‌ಗಳಿದ್ದಿರಬಹುದು ಎಂದರು. ಹಡಗುಗಳ ದಾಖಲೆ ನೋಡಿದವರು 20,000 ಎನ್ನುತ್ತಿದ್ದರು. ಹನ್ನೆರಡು ಪಟ್ಟು ವ್ಯತ್ಯಾಸ. ಹಳೆಯ ಸಂಖ್ಯೆ ಕಡಿಮೆ ಹಿಡಿದಷ್ಟೂ ಈಗಿನ ತಿಮಿಂಗಿಲಗಳು ಚೇತರಿಸಿಕೊಂಡಂತೆ ಕಾಣುತ್ತವೆ. ಚೇತರಿಸಿಕೊಂಡಂತೆ ಕಂಡಷ್ಟೂ ಬೇಟೆಯ ಅನುಮತಿ ಹತ್ತಿರ ಬರುತ್ತದೆ. ವಿಜ್ಞಾನಿಗಳು ವಿಧಾನದ ಬಗ್ಗೆ ಕಿತ್ತಾಡಿದರು, ಅದು ಅವರ ಕೆಲಸ. ಉಳಿದವರು ತಮಗೆ ಬೇಕಾದ ಸಂಖ್ಯೆಯನ್ನು ಎತ್ತಿಕೊಂಡು ಮನೆಗೆ ಹೋದರು.

ಇದೆಲ್ಲ ದೂರದ ಕಡಲಿನ ಗೋಳು, ನಮಗೇನು ಎಂದು ಕೇಳುವವರಿಗೆ ಅರಬ್ಬಿ ಸಮುದ್ರದ ಸುದ್ದಿ ಇದೆ. ಕಾರವಾರದ ದಡದಲ್ಲಿ ನಿಂತು ನಾವು ಮುಖ ತೊಳೆಯುವ ಅದೇ ಸಮುದ್ರ.

ಇಲ್ಲಿನ ಹಂಪ್‌ಬ್ಯಾಕ್‌ಗಳು ಲೋಕದ ಬೇರೆ ಹಂಪ್‌ಬ್ಯಾಕ್‌ಗಳಂತಲ್ಲ. ಉಳಿದವು ಚಳಿಯ ಕಡಲಿನಲ್ಲಿ ಉಂಡು ಬಿಸಿ ಕಡಲಿಗೆ ಹೆರಿಗೆಗೆ ಬರುತ್ತವೆ. ಇವು ವರ್ಷವಿಡೀ ಇಲ್ಲೇ. ಸುಮಾರು 70,000 ವರ್ಷಗಳಿಂದ ಬೇರೆಯವರೊಂದಿಗೆ ಸಂಬಂಧ ಬೆಳೆಸಿಲ್ಲ ಎಂದು ಅವುಗಳ ಡಿಎನ್‌ಎ ಹೇಳುತ್ತದೆ. ಒಮಾನ್ ಕರಾವಳಿಯಲ್ಲಿ ಬಾಲದ ಫೋಟೊ ತೆಗೆದು ಲೆಕ್ಕ ಹಾಕಿದವರಿಗೆ ಬಂದ ಸಂಖ್ಯೆ 82. ಅರವತ್ತರಿಂದ ನೂರ ಹನ್ನೊಂದರ ನಡುವೆ ಎಲ್ಲಾದರೂ ಇರಬಹುದು. ಆ ಫೋಟೊಗಳು ಈ ಶತಮಾನದ ಮೊದಲ ಕೆಲವು ವರ್ಷದವು. ಇವತ್ತಿಗೂ ಎಲ್ಲರೂ ಹೇಳುವುದು ಅದೇ 82.

ಇವುಗಳ ಬಗ್ಗೆ ನಮಗೆ ಇಷ್ಟಾದರೂ ಗೊತ್ತಾಗಲು ಕಾರಣ ಯಾರು ಗೊತ್ತೆ? ಮತ್ತೆ ಅವರೇ. 1966ರ ನವೆಂಬರ್‌ನಲ್ಲಿ ಸೋವಿಯತ್ ಹಡಗುಪಡೆ ಅರಬ್ಬಿ ಸಮುದ್ರಕ್ಕೆ ನುಗ್ಗಿತು. ಒಮಾನ್, ಪಾಕಿಸ್ತಾನ, ಭಾರತದ ವಾಯವ್ಯ ಕರಾವಳಿ. ಕಾನೂನಿನಲ್ಲಿ ಅವಕಾಶವಿರಲಿಲ್ಲ. ಹಿಂದಿನ ವರ್ಷದ್ದೂ ಸೇರಿ 242 ಹಂಪ್‌ಬ್ಯಾಕ್‌ಗಳನ್ನು ಕೊಂದರು. ಹೊಟ್ಟೆ ಬಗೆದಾಗ ತುಂಬ ಆಹಾರವಿತ್ತು. ಗರ್ಭದಲ್ಲಿದ್ದ ಭ್ರೂಣಗಳ ಬೆಳವಣಿಗೆ ಉತ್ತರಾರ್ಧಗೋಳದ ಋತುವಿಗೆ ಹೊಂದುತ್ತಿತ್ತು. ಇವು ಇಲ್ಲಿಯವೇ, ವಲಸೆ ಬಂದವಲ್ಲ ಎಂಬ ಮುಖ್ಯ ಸಾಕ್ಷ್ಯ ಹೀಗೆ ಸಿಕ್ಕಿತು. ಹಡಗುಪಡೆಯ ಜತೆಗಿದ್ದ ಯೂರಿ ಮಿಖಲೆವ್ ಅದನ್ನು ಪ್ರಕಟಿಸಿದ್ದು 1997ರಲ್ಲಿ. ಕಳ್ಳರು ಕದ್ದ ಮನೆಯ ಸಾಮಾನಿನ ಪಟ್ಟಿಯನ್ನು ಮೂವತ್ತು ವರ್ಷದ ಮೇಲೆ ಮನೆಯವರಿಗೆ ಕೊಟ್ಟರು. ಮನೆಯವರ ಹತ್ತಿರ ಬೇರೆ ಪಟ್ಟಿಯೇ ಇರಲಿಲ್ಲ.

2017ರಲ್ಲಿ ಒಮಾನ್‌ನಲ್ಲಿ ಲುಬಾನ್ ಎಂಬ ಹೆಣ್ಣಿಗೆ ಉಪಗ್ರಹದ ಟ್ಯಾಗ್ ಹಾಕಿದರು. ಅವಳು ಯಾರನ್ನೂ ಕೇಳದೆ ಅರಬ್ಬಿ ಸಮುದ್ರ ದಾಟಿ ಗೋವಾದ ಕಡೆ ಬಂದು, ನಮ್ಮ ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಇಳಿದು ಹೋದಳು. ಗೋವಾದ ಬಳಿ ನೀರಿನೊಳಗೆ ಮೈಕ್ ಇಳಿಸಿದ ವಿಜ್ಞಾನಿಗಳಿಗೆ ಹಂಪ್‌ಬ್ಯಾಕ್ ಹಾಡೂ ಕೇಳಿಸಿದೆ. ಅಂದರೆ ಅವು ಇಲ್ಲಿಗೆ ಬರುತ್ತವೆ. ಎಷ್ಟು ಬರುತ್ತವೆ, ಎಷ್ಟು ನಮ್ಮ ಬಲೆಗೆ ಸಿಕ್ಕುತ್ತವೆ, ಎಷ್ಟಕ್ಕೆ ನಮ್ಮ ಬಂದರಿಗೆ ಬರುವ ಹಡಗು ಬಡಿಯುತ್ತದೆ? ಕೇಳಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ತಿಮಿಂಗಿಲಕ್ಕೆ ಹುಲಿಯ ಸಮಾನ ದರ್ಜೆ ಕೊಟ್ಟಿದ್ದೇವೆ. ಹುಲಿಯನ್ನು ನಾಲ್ಕು ವರ್ಷಕ್ಕೊಮ್ಮೆ ಎಣಿಸಿ ಸಚಿವರು ವೇದಿಕೆ ಹತ್ತುತ್ತಾರೆ. ತಿಮಿಂಗಿಲ ನೋಡಲು ಸಫಾರಿ ಜೀಪು ಹೋಗುವುದಿಲ್ಲವಲ್ಲ.

ಕೊನೆಗೂ ನಾವು ಎಣಿಸಲು ಹೊರಟೆವು. ಪ್ರೇರಣೆ? ಸಿಗಡಿ, ಬೊಂಡಾಸ್. ಸಾಗರ ಸಸ್ತನಿಗಳನ್ನು ನಮ್ಮಷ್ಟೇ ಜೋಪಾನವಾಗಿ ನೋಡಿಕೊಳ್ಳದ ದೇಶದ ಮೀನು ನಮಗೆ ಬೇಡ ಎಂಬ ಷರತ್ತು ಅಮೆರಿಕದ ಕಾಯ್ದೆಯಲ್ಲಿ 1972ರಿಂದಲೇ ಇತ್ತು. ಅದಕ್ಕೆ ನಿಯಮ ಬರೆದದ್ದು 2016ರಲ್ಲಿ. ಆಮೇಲೂ ಗಡುವು ಮುಂದೆ ಮುಂದೆ ಹೋಗಿ 2025 ಮುಗಿಯಿತು. ಅಮೆರಿಕದ ಮಾರುಕಟ್ಟೆ ಕೈ ತಪ್ಪೀತೆಂಬ ಭಯಕ್ಕೆ ನಮ್ಮ ಕಡಲ ಉತ್ಪನ್ನ ರಫ್ತು ಪ್ರಾಧಿಕಾರ ಹಣ ಬಿಚ್ಚಿತು. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಡಗು ಹತ್ತಿದರು. ಒಳ್ಳೆಯ ಕೆಲಸವೇ. ನೇರಳೆ ಹಗ್ಗದ ದೇಶ ಕೇಳಿತು, ಎಲ್ಲಿ ನಿಮ್ಮ ಲೆಕ್ಕ ತೋರಿಸಿ ಎಂದು. ನಾವು ತಕ್ಷಣ ಎದ್ದು ನಿಂತೆವು. ತಿಮಿಂಗಿಲ ತಾನಾಗಿ ಬಂದು ಕೇಳಿದ್ದರೆ ಫೈಲು ಇವತ್ತಿಗೂ ಮೇಜು ಬದಲಾಯಿಸುತ್ತಿರುತ್ತಿತ್ತು.

ಮೀನುಗಾರರನ್ನು ಬೈಯುವುದು ಸುಲಭ, ಅದಕ್ಕೇ ಎಲ್ಲರೂ ಅದನ್ನೇ ಮಾಡುತ್ತಾರೆ. ಮೇನ್‌ನವನಿರಲಿ, ಮಲ್ಪೆಯವನಿರಲಿ, ದೋಣಿಯ ಸಾಲದ ಕಂತು ಅವನ ಕುತ್ತಿಗೆಗೆ ಸುತ್ತಿದ ಹಗ್ಗ. ಹಗ್ಗವಿಲ್ಲದೆ ಪಂಜರ ಎತ್ತುವ ಸಾಧನ ಬಂದಿದೆ, ದುಬಾರಿ. ಅದರ ಬೆಲೆಯನ್ನು ಲಾಬ್‌ಸ್ಟರ್ ತಿನ್ನುವವನು ಕೊಡಬಹುದು, ಸರ್ಕಾರ ಕೊಡಬಹುದು. ಕೊಡುವ ಮಾತು ಬಂದಾಗ ಮಾತ್ರ ಇನ್ನಷ್ಟು ಅಧ್ಯಯನ ಬೇಕಾಗುತ್ತದೆ.

ನಮ್ಮ ಊರುಗಳಲ್ಲಿ ತಿಮಿಂಗಿಲ ಸುದ್ದಿಯಾಗುವುದು ಎರಡೇ ಸಂದರ್ಭದಲ್ಲಿ. ಒಂದು, ಉತ್ತರ ಕನ್ನಡದ ಯಾವುದಾದರೂ ದಡಕ್ಕೆ ಹೆಣ ಬಂದು ಬಿದ್ದಾಗ. ಜನ ಮೂಗು ಮುಚ್ಚಿಕೊಂಡು ಸೆಲ್ಫಿ ತೆಗೆದುಕೊಳ್ಳುತ್ತಾರೆ, ಜೆಸಿಬಿ ಬಂದು ಗುಂಡಿ ತೋಡುತ್ತದೆ. ಎರಡು, ತಿಮಿಂಗಿಲದ ವಾಂತಿ ಎಂದು ಕರೆಯುವ ಗಡ್ಡೆ ಮಾರಲು ಹೊರಟವರು ಸಿಕ್ಕಿಬಿದ್ದಾಗ. ಬೆಂಗಳೂರು, ಕೊಡಗು, ಭಟ್ಕಳ, ಊರು ಯಾವುದಾದರೂ ಫೋಟೊ ಒಂದೇ. ಮೇಜಿನ ಮೇಲೆ ಬೂದು ಬಣ್ಣದ ಗಡ್ಡೆಗಳು, ಹಿಂದೆ ಸಾಲಾಗಿ ನಿಂತ ಪೊಲೀಸರು, ಕೆಳಗೆ ಇಷ್ಟು ಕೋಟಿ ರೂಪಾಯಿ ಮೌಲ್ಯ ಎಂಬ ಸಾಲು. ಆ ಗಡ್ಡೆ ಹೊರಹಾಕುವ ಸ್ಪರ್ಮ್ ತಿಮಿಂಗಿಲ ನಮ್ಮ ಕಡಲಲ್ಲಿ ಎಷ್ಟಿವೆ ಎಂದು ಆ ಮೇಜಿನ ಸುತ್ತ ನಿಂತ ಯಾರನ್ನಾದರೂ ಕೇಳಿ ನೋಡಿ. ವಾಂತಿ ಕೆಜಿಗೆ ಎಷ್ಟು ಎಂದು ಕೇಳಿದರೆ ಚಹಾ ತಂದುಕೊಟ್ಟ ಹುಡುಗನೂ ಹೇಳುತ್ತಾನೆ.